ಬೆಣ್ಣೆಗೆ ಬದಲು ವನಸ್ಪತಿ: ಉಳಿತಾಯದ ಲೆಕ್ಕ ಸರಿಯಿದೆಯೇ?

ಬೆಣ್ಣೆಯ ದರ ಏರಿದಾಗಲೆಲ್ಲ ನಮ್ಮ ಬೇಕರಿ ಉದ್ಯಮಿಗಳು ವನಸ್ಪತಿಯತ್ತ ತಿರುಗುವುದು ಸಹಜ. ವೆಚ್ಚ ತಗ್ಗಿಸುವ ಪ್ರಯತ್ನವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಕೇವಲ ದರಪಟ್ಟಿಯನ್ನು ನೋಡಿ ಮಾಡುವ ಬದಲಾವಣೆಯಲ್ಲಿ ಉಳಿತಾಯದ ಒಂದು ಪಾಲು ಸೋರಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಣ್ಣೆಯಲ್ಲಿ ಕೊಬ್ಬಿನ ಅಂಶ ಸುಮಾರು ಶೇ. 80, ಉಳಿದುದು ಬಹುಪಾಲು ನೀರು. ವನಸ್ಪತಿಯಾದರೋ ಬಹುತೇಕ ಪೂರ್ಣ ಕೊಬ್ಬು. ಆದ್ದರಿಂದ 10 ಕಿಲೋ ಬೆಣ್ಣೆಯ ಸ್ಥಾನದಲ್ಲಿ 8 ಕಿಲೋ ವನಸ್ಪತಿ ಸಾಕು. ಕಡಿಮೆಯಾಗುವ ಸುಮಾರು ಒಂದೂವರೆ ಲೀಟರ್ ನೀರನ್ನು ಹಿಟ್ಟು ಕಲಸುವಾಗ ಸರಿದೂಗಿಸಿಕೊಳ್ಳಬೇಕು. ಸಮತೂಕ ಹಾಕಿದರೆ ಬಿಸ್ಕತ್ತು ಜಿಡ್ಡಾಗುವುದಲ್ಲದೆ 2 ಕಿಲೋ ವ್ಯರ್ಥವಾಗುತ್ತದೆ. ಉದಾಹರಣೆಗೆ, ಕಿಲೋವೊಂದಕ್ಕೆ 150 ರೂ. ಎಂದಿಟ್ಟುಕೊಂಡರೆ ದಿನಕ್ಕೆ 300 ರೂ., 300 ದಿನಗಳಿಗೆ 90,000 ರೂ. ನಷ್ಟ! ಹೋಲಿಸಬೇಕಾದುದು ಕಿಲೋ ದರವನ್ನಲ್ಲ, ಕೊಬ್ಬಿನ ಅಂಶದ ದರವನ್ನು.

2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ಹೂಡುವಳಿ ತೆರಿಗೆಯ ಜಮೆ ಪಡೆಯಲಾಗದ ಕಾಂಪೊಸಿಷನ್ ವರ್ತಕರಿಗೆ ಇದು ನೇರ ವೆಚ್ಚದ ವಿಷಯ. ಅವರು ಹಳೆಯ ತುಲನಾಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳುವುದು ಒಳಿತು.

ಕಾಯಿದೆಯ ಅಂಶವನ್ನೂ ಮರೆಯುವಂತಿಲ್ಲ. ಖಾದ್ಯ ತೈಲ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿ 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿದಿದೆ. ಅಗ್ಗವೆಂದು ಚೀಟಿಯಿಲ್ಲದ ಡಬ್ಬಿಯನ್ನು ಕೊಳ್ಳುವವರು ಈ ಹೊಣೆಯನ್ನೂ ಕೊಂಡಂತೆ. ಬಿಲ್ಲಿನೊಡನೆ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯಬೇಕು.

ಕೊನೆಯದಾಗಿ, ಮುದ್ರಿತ ಹೊದಿಕೆಗಳ ಪ್ರಶ್ನೆ. ಕೊಬ್ಬು ಬದಲಾದ ದಿನವೇ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯೂ ಬದಲಾಗಬೇಕು. ದಾಸ್ತಾನು ಮುಗಿಯಲೆಂದು ಹಳೆಯ ಹೊದಿಕೆಯಲ್ಲೇ 'ಬೆಣ್ಣೆ ಬಿಸ್ಕತ್ತು' ಮಾರುವುದು ತಪ್ಪು ಲೇಬಲ್ ಎನಿಸುತ್ತದೆ. 2006ರ ಆಹಾರ ಸುರಕ್ಷತಾ ಕಾಯಿದೆಯಡಿ ಇದಕ್ಕೆ 3 ಲಕ್ಷ ರೂ. ವರೆಗೆ ದಂಡವಿದೆ. ನಿರುಪಯುಕ್ತ ಹೊದಿಕೆಗಳ ಮೌಲ್ಯವನ್ನು ಬದಲಾವಣೆಯ ವೆಚ್ಚಕ್ಕೇ ಸೇರಿಸುವುದು ಸರಿಯಾದ ಲೆಕ್ಕ.

ಇಷ್ಟೆಲ್ಲವನ್ನೂ ಕಳೆದ ಮೇಲೆಯೂ ಉಳಿತಾಯ ಕಂಡರೆ ಅವಶ್ಯ ಬದಲಾಯಿಸಿರಿ. ಆದರೆ ಬೆಣ್ಣೆ ಹಾಕದ ಮೇಲೆ ಬೆಣ್ಣೆಯ ಹೆಸರನ್ನೂ ಬಿಡಿರಿ. ತಲೆಮಾರುಗಳಿಂದ ಗಳಿಸಿದ ಗ್ರಾಹಕರ ವಿಶ್ವಾಸವು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಕಾಣದು. ಕಳೆದುಕೊಂಡಾಗ ಮಾತ್ರ ಅದು ಮಾರಾಟದ ಅಂಕಿಗಳಲ್ಲಿ ಕಾಣಿಸುತ್ತದೆ.