ಚದರಡಿಗೆ ಎಷ್ಟು ಎಂದು ಕೇಳುವ ಮೊದಲು

ರಜೆಯಲ್ಲಿ ಊರಿಗೆ ಹೋಗಿ ಬಂದ ಮೇಲೆ ಮುಂಬಯಿ, ಪುಣೆ, ಚೆನ್ನೈಗಳ ಕನ್ನಡದ ಮನೆಗಳಲ್ಲಿ ಒಂದು ಯೋಚನೆ ಹುಟ್ಟುವುದುಂಟು: ಅಪ್ಪ ಅಮ್ಮನಿಗೆ ಹಿತ್ತಲಲ್ಲಿ ಕೂರಲು ಒಂದು ಜಗಲಿ ಕಟ್ಟಿಸಬೇಕು. ದೊಡ್ಡ ಕೆಲಸವೇನಲ್ಲ. ಅಡುಗೆಮನೆಯ ಬಾಗಿಲಾಚೆ ಹದಿನೈದಡಿ ಉದ್ದ, ಹತ್ತಡಿ ಅಗಲ, ಮೇಲೊಂದು ಶೀಟು. ಊರಿನ ಮೇಸ್ತ್ರಿಗೆ ಫೋನು ಹೋಗುತ್ತದೆ. ಮೊದಲ ಪ್ರಶ್ನೆಯೇ, "ಚದರಡಿಗೆ ಎಷ್ಟಾಗ್ತದೆ?" ಮೇಸ್ತ್ರಿ ಒಂದು ಅಂಕಿ ಹೇಳುತ್ತಾರೆ, ಗುಣಿಸಿದರೆ ಬಜೆಟ್ಟು ಸಿದ್ಧ. ಮೂರು ತಿಂಗಳಲ್ಲಿ ಬಜೆಟ್ಟು ಮುರಿದಿರುತ್ತದೆ, ಮೇಸ್ತ್ರಿ ಮೋಸಗಾರ ಎನಿಸಿಕೊಂಡಿರುತ್ತಾರೆ, ಅಪ್ಪ ಮಗನ ನಡುವೆ ಫೋನಿನ ಮಾತು ಕಡಿಮೆಯಾಗಿರುತ್ತದೆ.

ಮೇಸ್ತ್ರಿ ಮೋಸ ಮಾಡಿಯೇ ಹೀಗಾಗಬೇಕೆಂದಿಲ್ಲ. ಚದರಡಿ ದರವನ್ನು ಬಜೆಟ್ಟು ಎಂದುಕೊಂಡದ್ದರಲ್ಲೇ ಜಗಳದ ಬೀಜವಿದೆ. ಯಾವ ಚದರಡಿ ಎಂಬುದೇ ಅಲ್ಲಿ ತೀರ್ಮಾನವಾಗಿರುವುದಿಲ್ಲ. ಜಗಲಿಯ ನೆಲ 150 ಚದರಡಿ. ಆದರೆ ಮಳೆ ಒಳಗೆ ಎರಚದಂತೆ ಶೀಟು ಮೂರೂ ಕಡೆ ಎರಡೆರಡು ಅಡಿ ಹೊರಚಾಚಬೇಕು. ಆಗ ಮಾಡು ಹತ್ತೊಂಬತ್ತಡಿ ಉದ್ದ, ಹನ್ನೆರಡಡಿ ಅಗಲ, ಅಂದರೆ 228 ಚದರಡಿ. ಇಳಿಜಾರು ಸೇರಿದರೆ ಇನ್ನೂ ತುಸು ಹೆಚ್ಚು. ಲೆಕ್ಕಕ್ಕಾಗಿ ಮಾಡಿನ ದರ 300 ರೂಪಾಯಿ ಎಂದಿಟ್ಟುಕೊಂಡರೆ, ಮಗನ ಲೆಕ್ಕದಲ್ಲಿ 45,000 ರೂಪಾಯಿ, ಮೇಸ್ತ್ರಿಯ ಲೆಕ್ಕದಲ್ಲಿ 68,400. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬರು ನೆಲ ಅಳೆದರು, ಇನ್ನೊಬ್ಬರು ಮಾಡು ಅಳೆದರು.

ಅಳತೆಯ ಮಾತುಗಳೂ ಊರಿಂದ ಊರಿಗೆ ಬೇರೆ. ಕರ್ನಾಟಕದ ಹಲವು ಕಡೆ ಬರೀ "ಚದರ" ಎಂದರೆ ನೂರು ಚದರಡಿ; ಈ ಜಗಲಿ ಒಂದೂವರೆ ಚದರ. ಮರಳು, ಜಲ್ಲಿಯನ್ನು ಪುಣೆಯವರು ಬ್ರಾಸಿನಲ್ಲಿ ಕೇಳುತ್ತಾರೆ, ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಊರಲ್ಲಿ ಅದೇ ಮರಳು ಲೋಡಿನ ಲೆಕ್ಕ, ಲೋಡು ಲಾರಿಯ ಮೇಲೆ ಹೋಗುತ್ತದೆ. ಇಪ್ಪತ್ತು ವರ್ಷ ಹೊರಗಿದ್ದವರು ಫೋನಿನಲ್ಲಿ "ಸರಿ ಸರಿ" ಅಂದದ್ದು ಯಾವುದಕ್ಕೆ ಎಂದು ಆಮೇಲೆ ಇಬ್ಬರಿಗೂ ಗೊತ್ತಿರುವುದಿಲ್ಲ.

ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ನೋಡಿದರೆ ಬೇರೆ ದಾರಿ ಕಾಣುತ್ತದೆ. ಅಲ್ಲಿ ಕೆಲಸ ಬಾಬ್ತು ಬಾಬ್ತಾಗಿ ಒಡೆದಿರುತ್ತದೆ: ಅಗೆತ ಘನ ಮೀಟರಿಗೆ, ಗಾರೆ ಚದರ ಮೀಟರಿಗೆ, ಕಬ್ಬಿಣ ತೂಕಕ್ಕೆ. ಹಿತ್ತಲ ಜಗಲಿಗೂ ಒಂದು ಪುಟದ ಇಂಥ ಪಟ್ಟಿ ಸಾಕು. ಆ ಪಟ್ಟಿ ಬರೆಯಲು ಕೂತಾಗಲೇ ಮರೆತ ಖರ್ಚು ಎದುರಾಗುವುದು. ಒಂದೂವರೆ ಅಡಿ ಎತ್ತರದ ಕಟ್ಟೆಗೆ ಕಲ್ಲು, ಮಣ್ಣು, ಕಾಂಕ್ರೀಟು ಸೇರಿ 225 ಘನ ಅಡಿ ಸಾಮಾನು ಬೇಕು. ಲಾರಿ ಬಂದು ನಿಲ್ಲುವುದು ಮನೆಯ ಮುಂದೆ. ಅಲ್ಲಿಂದ ಹಿತ್ತಲಿಗೆ ಅಷ್ಟನ್ನೂ ಬುಟ್ಟಿಯಲ್ಲಿ ಹೊರುವವರ ಕೂಲಿ ಯಾವ ಚದರಡಿ ದರದಲ್ಲಿದೆ? ಕಂಬದ ಪೈಪು ಎರಡಿಂಚಿನದು ಎಂದರೆ ಸಾಲದು. ಅದರ ದಪ್ಪ ಎರಡು ಮಿಲಿಮೀಟರೋ ಮೂರೋ ಎಂಬುದರ ಮೇಲೆ ತೂಕ, ತೂಕದ ಮೇಲೆ ಬೆಲೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ಇಡಿಯಾಗಿ ಹೇಳಿದ ದರದಲ್ಲಿ ಆ ಇಳಿಕೆ ಸೇರಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಊರು ಯಾವುದು ಎಂಬುದೂ ಪಟ್ಟಿಯನ್ನು ಬದಲಿಸುತ್ತದೆ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ದುಡ್ಡು ಮಾಡಿಗೆ, ನೀರು ಹರಿದುಹೋಗುವ ದಾರಿಗೆ, ಕಬ್ಬಿಣದ ಬಣ್ಣಕ್ಕೆ ಹೋಗಬೇಕು. ಸುಮಾರು 600 ಮಿಲಿಮೀಟರ್ ಮಳೆಯ ವಿಜಯಪುರದಲ್ಲಿ ಬಿಸಿಲೇ ಮೊದಲ ಚಿಂತೆ. ಅಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಯಾರೂ ಕೂರುವುದಿಲ್ಲ. ಶಹಾಬಾದ್ ಕಲ್ಲು ಹಾಸಿ, ಇರುವ ಬೇವಿನ ಮರವನ್ನು ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲ ಅಳೆದರೂ ಒಂದು ಪ್ರಶ್ನೆ ಬಾಕಿ: ಅಳತೆ ಹೇಳಬೇಕಾದವರು ಯಾರು? ದೂರದ ಮಗನ ಕಣ್ಣಿಗೆ ಕಾಣುವುದು ಸಂಜೆ, ಕಾಫಿ, ಎರಡು ಬೆತ್ತದ ಕುರ್ಚಿ. ಅಮ್ಮನಿಗೆ ಹಿತ್ತಲು ಕೆಲಸದ ಜಾಗ. ಹಪ್ಪಳ ಒಣಗಬೇಕು, ಹಲಸಿನಹಣ್ಣು ಬಿಡಿಸಬೇಕು, ಪಾತ್ರೆ ತೊಳೆಯಬೇಕು. ಗಾಜಿನ ಕಟಾಂಜನಕ್ಕಿಂತ ಒಂದು ನಲ್ಲಿ, ನೀರು ಹೋಗುವ ಒಂದು ತೂತು ಅವರಿಗೆ ಹೆಚ್ಚು. ಅಪ್ಪನ ಮೊಣಕಾಲು ನೋಯುತ್ತಿದ್ದರೆ ಒಂದೂವರೆ ಅಡಿ ಇಳಿಯಲು ಅರ್ಧ ಅರ್ಧ ಅಡಿಯ ಮೂರು ಮೆಟ್ಟಿಲು, ಜೊತೆಗೆ ಹಿಡಿದುಕೊಳ್ಳಲು ಕಂಬಿ ಬೇಕು. ಗಾಲಿಕುರ್ಚಿ ಇಳಿಯಬೇಕಾದರೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು, ಅದರ ಉದ್ದ ಹದಿನೆಂಟಡಿ. ಜಗಲಿಗಿಂತಲೂ ಉದ್ದ! ಕಟ್ಟಿದ ಮೇಲೆ ನೆನಪಾದರೆ ಅದಕ್ಕೆ ಜಾಗವೇ ಇರುವುದಿಲ್ಲ. ನುಣುಪು ಟೈಲ್ಸು ಫೋಟೋದಲ್ಲಿ ಚೆನ್ನ, ಮಳೆಗಾಲದಲ್ಲಿ ಅದೇ ಸೊಂಟ ಮುರಿಯುತ್ತದೆ. ಆಸ್ಪತ್ರೆಯ ಬಿಲ್ಲನ್ನು ಜಗಲಿಯ ಖಾತೆಗೆ ಯಾರೂ ಬರೆಯುವುದಿಲ್ಲ, ಅಷ್ಟೆ.

ಮೇಲ್ವಿಚಾರಣೆಯ ಕೂಲಿಯೂ ಹೀಗೇ ಬರೆಯದೆ ಉಳಿಯುವ ಖರ್ಚು. ಕಾಂಕ್ರೀಟಿಗೆ ಕನಿಷ್ಠ ಏಳರಿಂದ ಹತ್ತು ದಿನ ನೀರುಣಿಸಬೇಕು. ಊರಲ್ಲಿ ಆ ಕೊಡ ಹೊರುವುದು ಎಪ್ಪತ್ತು ದಾಟಿದ ಅಮ್ಮ. ಕೆಲಸದವರಿಗೆ ಚಹಾ, ಮರಳು ಇಳಿದದ್ದರ ಲೆಕ್ಕ, ಬಾರದ ದಿನ ಫೋನು, ಎಲ್ಲವೂ ಅವರ ತಲೆಗೇ. ದಿನಕ್ಕೆ ಇಷ್ಟು ಎಂದು ನೆರೆಯವರೊಬ್ಬರಿಗೆ ಕೊಟ್ಟು ಆ ಕೆಲಸ ಮಾಡಿಸಬಹುದು. ಹಾಗೆ ಮಾಡಿಸಿದರೆ ಜಗಲಿ ಎರಡಡಿ ಕಿರಿದಾಗಬಹುದು. ಆಗಲಿ.

ಊರಿನ ವ್ಯವಹಾರ ನಂಬಿಕೆಯ ಮೇಲೆ ನಡೆಯುತ್ತದೆ, ಪಟ್ಟಿ ಕೇಳಿದರೆ ಮೇಸ್ತ್ರಿಗೆ ಬೇಸರವಾದೀತು ಎಂಬ ಅಳುಕು ಹಲವರಿಗಿದೆ. ಅದು ಸುಳ್ಳಲ್ಲ, ಹಿತ್ತಲ ಮಾಡು ಸೋರಿದರೆ ನಾಳೆ ಓಡಿ ಬರುವವರು ಅವರೇ. ಅದಕ್ಕಾಗಿಯೇ ಬರೆದಿಡಬೇಕು. ಬರೆಯದ ಮಾತು ಕೆಟ್ಟಾಗ ಹಾಳಾಗುವುದು ನಂಬಿಕೆ. ಅಳತೆ, ಸಾಮಾನು, ಕೂಲಿ, ಹೊರೆ, ಯಾವ ಹಂತಕ್ಕೆ ಎಷ್ಟು ಹಣ ಎಂದು ಒಂದು ಪುಟದಲ್ಲಿ ಬರೆದು ಇಬ್ಬರ ಹತ್ತಿರವೂ ಇರಲಿ. ಒಟ್ಟು ಮೊತ್ತದ ನೂರಕ್ಕೆ ಹತ್ತರಷ್ಟನ್ನು ಯಾರಿಗೂ ಹೇಳದೆ ಬೇರೆ ಇಡುವುದು ಜಾಣತನ. ನೆಲ ಅಗೆದಾಗ ಬಚ್ಚಲಿನ ಹಳೆಯ ಪೈಪು ಸಿಕ್ಕರೆ ಅದಕ್ಕೇ ಬೇಕಾಗುತ್ತದೆ.

ಅದಕ್ಕೂ ಮೊದಲು ಫೋನು ಹೋಗಬೇಕಾದ್ದು ಮೇಸ್ತ್ರಿಗಲ್ಲ. "ಅಮ್ಮಾ, ಹಿತ್ತಲಲ್ಲಿ ನೀನು ಎಲ್ಲಿ ಕೂರ್ತೀಯಾ, ಯಾವಾಗ ಕೂರ್ತೀಯಾ?" ಎಂದು ಕೇಳಿದರೆ ಅರ್ಧ ಎಸ್ಟಿಮೇಟು ಅವರೇ ಹೇಳುತ್ತಾರೆ. ಕೆಲವೊಮ್ಮೆ ಜಗಲಿಯೇ ಬೇಡ, ಬಾವಿಕಟ್ಟೆಯ ಹತ್ತಿರ ಒಂದು ಕಲ್ಲುಬೆಂಚು ಸಾಕು ಎಂದೂ ಹೇಳಿಯಾರು.