ಸನ್ನೆಯೂ ಸಂಜ್ಞೆಯೂ

ನನ್ನ ಸೋದರತ್ತೆಯ ಊರು ಮಧುಗಿರಿಯ ಸಮೀಪದ ಒಂದು ಹಳ್ಳಿ. ಜಗಲಿಯ ಮೇಲೆ ಕುಳಿತರೆ ಏಕಶಿಲೆಯ ಬೆಟ್ಟವು ಎದುರಿಗೇ ಕಾಣುವುದು. ಅತ್ತೆಯ ಕಿರಿಯ ಮಗ ಹುಟ್ಟುಕಿವುಡ. ಅವನೊಡನೆ ವ್ಯವಹರಿಸಲು ಮನೆಯವರಲ್ಲಿ ಹತ್ತು ಹನ್ನೆರಡು ಸನ್ನೆಗಳಿದ್ದವು: ಊಟಕ್ಕೊಂದು, ನೀರಿಗೊಂದು, ಎಮ್ಮೆಗೊಂದು. ಮೀಸೆ ತಿರುವಿದರೆ ಅಪ್ಪ.

ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಮಾವನವರು ತೀರಿಕೊಂಡರು. ಸಾವಿಗೆ ನಮ್ಮಲ್ಲಿ ಸನ್ನೆಯಿರಲಿಲ್ಲ. ಯಾರೋ ಕೆನ್ನೆಗೆ ಕೈಯಾನಿಸಿ ನಿದ್ರೆಯ ಸನ್ನೆ ಮಾಡಿದರು. ಹುಡುಗನು ತಲೆಯಾಡಿಸಿ, ಒಳಗೆ ಹೋಗಿ, ತಂದೆಯ ಭುಜವನ್ನು ಹಿಡಿದು ಅಲುಗಿಸಿದನು. ಆಮೇಲೆ ಎಷ್ಟೋ ದಿನ ಮಧ್ಯಾಹ್ನದ ಬುತ್ತಿಯನ್ನು ಹಿಡಿದು ಕಡಲೆಕಾಯಿ ಹೊಲಕ್ಕೆ ಹೋಗುತ್ತಿದ್ದನು, ಬುತ್ತಿಯೊಡನೆಯೇ ಹಿಂದಿರುಗುತ್ತಿದ್ದನು.

‘ಸನ್ನೆ’ಯೆಂಬುದು ಸಂಸ್ಕೃತದ ‘ಸಂಜ್ಞಾ’ ಶಬ್ದದ ತದ್ಭವವೆಂದು ತರಗತಿಯಲ್ಲಿ ಪ್ರತಿವರ್ಷವೂ ಪಾಠ ಹೇಳುತ್ತೇನೆ. ಸಂಜ್ಞೆಯೆಂದರೆ ಗುರುತು, ಹೆಸರು, ಅರಿವು. ಗುರುತಿಲ್ಲದಿದ್ದರೆ ಹೆಸರಿಲ್ಲ, ಹೆಸರಿಲ್ಲದಿದ್ದರೆ ಅರಿವೂ ಇಲ್ಲ. ಪಾಠದ ಅರ್ಥ ನನಗೆ ಹೊಳೆದದ್ದು ಆ ಮನೆಯಲ್ಲಿ.

ಮರುವರ್ಷ ದೂರದ ಪಟ್ಟಣದಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಕಿವುಡರ ಶಾಲೆಯೊಂದರ ಸುದ್ದಿ ಬಂದಿತು. ಅತ್ತೆ ಕೇಳಿದರು: “ಅಲ್ಲಿ ಬಿಟ್ಟರೆ ಮಗನನ್ನ ಅವರ ಮತಕ್ಕೆ ಸೇರಿಸಿಕೊಂಡುಬಿಟ್ಟರೆ ಏನಪ್ಪಾ ಗತಿ?” ಈ ಭಯವನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ. ಅಸಹಾಯನಿಗೆ ಅನ್ನವಿಕ್ಕುವ ಕೈ ಅವನ ಮನಸ್ಸನ್ನೂ ಕೇಳಬಹುದು.

ಚರಿತ್ರೆಯಲ್ಲಿ ಎರಡು ಬಗೆಯ ಪಾದ್ರಿಗಳೂ ಇದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ಪಾದ್ರಿ ಡಿ ಲೆಪೆ, ಇಬ್ಬರು ಕಿವುಡ ಸೋದರಿಯರಿಗೆ ಧರ್ಮಬೋಧೆ ಮಾಡಲೆಂದು ಹೊರಟು, ಕಿವುಡರಿಂದಲೇ ಅವರ ಸನ್ನೆಗಳನ್ನು ಕಲಿತನು. ಬೋಧಿಸಲು ಹೋದವನು ಮೊದಲು ಶಿಷ್ಯನಾದನು! ನಮ್ಮ ದೇಶದಲ್ಲಿ ಮುಂಬಯಿಯ ಬಿಷಪ್ ಲಿಯೋ ಮ್ಯೂರಿನ್ 1885ರ ಸುಮಾರಿಗೆ ಕಿವುಡರ ಶಾಲೆಯನ್ನು ತೆರೆದನು. ಅದೇ ಶತಮಾನದ ಕೊನೆಗೆ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಹಿಳೆ ಇನ್ನೊಂದನ್ನು ಕಟ್ಟಿದಳು. ಆದರೆ 1880ರಲ್ಲಿ ಮಿಲಾನಿನಲ್ಲಿ ಕೂಡಿದ ಶಿಕ್ಷಕರ ಸಮ್ಮೇಳನ, ಕಿವುಡರಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಕೂಡದು ಎಂದು ನಿರ್ಣಯಿಸಿತು. ಅದರ ಅಧ್ಯಕ್ಷ ಜೂಲಿಯೊ ತಾರ್ರಾ ಕೂಡ ಪಾದ್ರಿಯೇ! ಅನೇಕ ದೇಶಗಳ ಶಾಲೆಗಳಿಂದ ಕೈಭಾಷೆಯನ್ನು ಹೊರದೂಡಿದ ಆ ನಿರ್ಣಯಕ್ಕೆ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ.

ಮಿಲಾನಿನವರು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ನಿಧಾನವಾಗಿ ಓದಿದ್ದರೆ ಒಳ್ಳೆಯದಿತ್ತು. ಅಲ್ಲಿ ಏಸು ಕಿವುಡನೊಬ್ಬನನ್ನು ಗುಂಪಿನಿಂದ ಬದಿಗೆ ಕರೆದೊಯ್ಯುತ್ತಾನೆ. ಕಿವಿಯಲ್ಲಿ ಬೆರಳಿಟ್ಟು, ನಾಲಗೆಯನ್ನು ಮುಟ್ಟಿ, ಆಕಾಶವನ್ನು ನೋಡಿ, ನಿಟ್ಟುಸಿರು ಬಿಡುತ್ತಾನೆ. ಮಾತು ಬರುವುದು ಅದಾದ ಮೇಲೆ. ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಿವುಡನೊಡನೆ ಮೊದಲು ಕೈಯೇ ಮಾತನಾಡಿತೆಂಬುದನ್ನು ಮಾತ್ರ ಯಾರೂ ಮರೆಯಬಾರದು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವರು. ಪಾವಗಡವಂತೂ ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿದೆ. ಅಲ್ಲಿಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಿವುಡ ಮಗುವಿಗೆ ಇವೆರಡೂ ತುಟಿಗಳ ಚಲನೆ ಮಾತ್ರ. 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನ ಕೇಂದ್ರ ಹುಟ್ಟಿತು. 2016ರ ಕಾಯಿದೆ ಸನ್ನೆಭಾಷೆಗೆ ಮನ್ನಣೆಯಿತ್ತಿತು. ಆದರೆ ಭಾಷೆ ಮೊಳೆಯುವ ಕಾಲ ಎಳವೆಯ ಮೊದಲ ಕೆಲವು ವರ್ಷಗಳು. ಅದು ಮೊಳೆಯಬೇಕಾದ ಸ್ಥಳ ಅಮ್ಮನ ಮಡಿಲು. ಕಾಯಿದೆ ಅಲ್ಲಿಯವರೆಗೆ ತಾನಾಗಿ ನಡೆದುಬರಲಾರದು.

ಅತ್ತೆ ಕೊನೆಗೆ ಮಗನನ್ನು ಕಳುಹಿಸಿದರು. ಮೊದಲ ಬೇಸಗೆಯ ರಜೆಗೆ ಬಂದವನು ಮೀಸೆ ತಿರುವಿ, ಮತ್ತೇನೋ ಸನ್ನೆ ಮಾಡಿದನು. ಯಾರಿಗೂ ತಿಳಿಯಲಿಲ್ಲ. ಆಗ ಸ್ಲೇಟನ್ನು ತಂದು, ಸೊಟ್ಟ ಅಕ್ಷರಗಳಲ್ಲಿ ಬರೆದನು: “ಅಪ್ಪನಿಗೆ ಏನಾಯಿತು?” ಅತ್ತೆಯವರು ಗಂಡನ ಸಾವಿಗಾಗಿ ಎರಡನೆಯ ಬಾರಿ ಅತ್ತದ್ದು ಆ ದಿನ, ಈ ಸಲ ಮಗನೂ ಜೊತೆಗೆ ಅತ್ತನು.

ಭಾಷೆಯಿಲ್ಲದವನಿಗೆ ಒಂದು ಮತವನ್ನು ಒಪ್ಪುವ ಸ್ವಾತಂತ್ರ್ಯವಿಲ್ಲ, ನಿರಾಕರಿಸುವ ಸ್ವಾತಂತ್ರ್ಯವೂ ಇಲ್ಲ. ಆದ್ದರಿಂದ ಕಿವುಡರ ಸೇವೆಗೆ ಹೊರಟ ಪಾದ್ರಿಯಾಗಲಿ, ಮಠವಾಗಲಿ, ಸರ್ಕಾರವಾಗಲಿ ಮೊದಲು ಕೊಡಬೇಕಾದದ್ದು ಭಾಷೆ. ಅದೂ ‘ಇಲ್ಲ’ ಎನ್ನಲು, ‘ಏಕೆ’ ಎಂದು ಕೇಳಲು ಸಾಕಾಗುವಷ್ಟು ಭಾಷೆ. ಪ್ರಾರ್ಥನೆಯ ಸನ್ನೆಗಳನ್ನಷ್ಟೇ ಕಲಿಸಿ ಸುಮ್ಮನಾದರೆ ಅದು ಸೇವೆಯಲ್ಲ.

ಆ ಹುಡುಗ ಈಗ ಮಧುಗಿರಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುವ ಗೃಹಸ್ಥ. ತಾಯಿಯೊಡನೆ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಕೈಮುಗಿದು ಬರುತ್ತಾನೆ; ಶಾಲೆಯ ಹಳೆಯ ಗೆಳೆಯರು ಕರೆದರೆ ಅವರ ಪ್ರಾರ್ಥನೆಯಲ್ಲಿಯೂ ಕುಳಿತುಕೊಳ್ಳುತ್ತಾನೆ. ಇವೆರಡರಲ್ಲಿ ಅವನು ನಂಬುವುದು ಯಾವುದನ್ನು ಎಂದು ಬಂಧುಗಳು ನನ್ನನ್ನು ಕೇಳುವುದುಂಟು.

ಅದನ್ನು ಅವನಲ್ಲಿ ವಿಚಾರಿಸುವಷ್ಟು ಸನ್ನೆ, ಭಾಷೆಯ ಅಧ್ಯಾಪಕನಾದ ನನಗೆ ಇನ್ನೂ ಬರದು.