ಮಕ್ಕಳ ಮಾತಿಗೆ ಕಿವಿಗೊಡುವ ಊರು

2016ರಲ್ಲಿ ಗಂಗಾವತಿ ತಾಲೂಕಿನ ಡಣಾಪುರದ 16 ವರ್ಷದ ವಿದ್ಯಾರ್ಥಿನಿ ಮಲ್ಲಮ್ಮ ಅನ್ನ ಬಿಟ್ಟು ಕುಳಿತಳು. ಅವಳು ಬೇಡಿದ್ದು ಹೊಸ ಬಟ್ಟೆಯನ್ನಲ್ಲ, ಮನೆಗೊಂದು ಶೌಚಾಲಯವನ್ನು. ಬಡ ಕುಟುಂಬದ ಬಳಿ ಅಷ್ಟು ಹಣವಿರಲಿಲ್ಲ. ವಿಷಯ ತಿಳಿದ ಗ್ರಾಮ ಪಂಚಾಯಿತಿ ಅಧ್ಯಕ್ಷ ಮೊಹಮ್ಮದ್ ಶಫಿ 18 ಸಾವಿರ ರೂಪಾಯಿ ಹೊಂದಿಸಿ, ವಾರದೊಳಗೆ ಅದನ್ನು ಕಟ್ಟಿಸಿಕೊಟ್ಟರು. ಅದೇ ಆಗಸ್ಟ್‌ನ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಧಾನಿಯವರು ಇಬ್ಬರನ್ನೂ ಸ್ಮರಿಸಿದರು.

ಈ ಘಟನೆಯಲ್ಲಿ ನಾವು ಬಾಲಕಿಯ ಹಠವನ್ನು ಕೊಂಡಾಡುತ್ತೇವೆ. ಆದರೆ ಹಿರಿಯರಾದ ನಮಗೆ ಪಾಠವಿರುವುದು ಕಿವಿಗೊಟ್ಟ ಅಧ್ಯಕ್ಷರಲ್ಲಿ. ತನ್ನ ಅಗತ್ಯವನ್ನು ಊರಿಗೆ ತಿಳಿಸಲು ಮಗುವೊಂದು ಹಸಿದು ಕೂರಬೇಕೇ?

ಕೂರಬೇಕಿಲ್ಲ. ಕುಂದಾಪುರ ತಾಲೂಕಿನ ಕೆರಾಡಿಯಂತಹ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. 2006ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಆಶಯವೂ ಇದೇ. 18 ತುಂಬದವರಿಗೆ ಮತವಿಲ್ಲ ನಿಜ, ಮಾತಂತೂ ಇದೆ.

ಆದರೆ ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯನ್ನು ಮಕ್ಕಳು ಓದಿ, ಅಧಿಕಾರಿಗಳು ಭರವಸೆ ಕೊಟ್ಟು, ಫೋಟೊ ತೆಗೆದರೆ ಅದು ಸಭೆಯಾಗದು. ಕುಷ್ಟಗಿ, ಯಲಬುರ್ಗಾದ ಫ್ಲೋರೈಡ್ ನೀರು, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲೆ, ಇನ್ನೂ ಅಳಿಯದ ಬಾಲ್ಯವಿವಾಹ: ಇವುಗಳ ಬಿಸಿ ಮೊದಲು ತಟ್ಟುವುದು ಮಕ್ಕಳಿಗೇ. ಹೇಳಬೇಕಾದವರೂ ಅವರೇ.

ಪವಿತ್ರ ಕುರ್‌ಆನ್‌ನಲ್ಲಿ ಲುಕ್ಮಾನರು ಮಗನಿಗೆ ನಮಾಝನ್ನು ಬೋಧಿಸಿದ ಉಸಿರಿನಲ್ಲೇ ಒಳಿತಿನ ಆದೇಶ ಮತ್ತು ಕೆಡುಕಿನ ವಿರೋಧದ ಹೊಣೆಯನ್ನೂ ವಹಿಸುತ್ತಾರೆ. ಒಮ್ಮೆ ಪ್ರವಾದಿ(ಸ)ರ ಬಲಕ್ಕೆ ಬಾಲಕನೊಬ್ಬನೂ ಎಡಕ್ಕೆ ಹಿರಿಯರೂ ಕುಳಿತಿದ್ದರು. ಪಾನೀಯವನ್ನು ಹಿರಿಯರಿಗೆ ಕೊಡಲೇ ಎಂದು ಅವರು ಬಾಲಕನ ಅನುಮತಿ ಕೇಳಿದರು. ಅವನು ಒಪ್ಪಲಿಲ್ಲ. ಬಟ್ಟಲು ಅವನ ಕೈಗೇ ಸಂದಿತು. ಕೇಳುವುದೆಂದರೆ ‘ಇಲ್ಲ’ ಎಂಬ ಉತ್ತರವನ್ನೂ ಗೌರವಿಸುವುದು.

ಹಾಗಾದರೆ ನಾವೇನು ಮಾಡಬೇಕು? ಗ್ರಾಮದ ಪೋಷಕರು ಸಭೆಯ ದಿನಾಂಕವನ್ನು ಪಂಚಾಯಿತಿಯಲ್ಲಿ ವಿಚಾರಿಸಲಿ. ಗಂಡುಮಕ್ಕಳೊಂದಿಗೆ ಹೆಣ್ಣುಮಕ್ಕಳನ್ನೂ ಕಳುಹಿಸಲಿ. ಹಿಂದಿನ ವರ್ಷದ ಬೇಡಿಕೆ ಏನಾಯಿತೆಂಬುದೇ ಮಕ್ಕಳ ಮೊದಲ ಪ್ರಶ್ನೆಯಾಗಲಿ. ಕೊಪ್ಪಳ, ಗಂಗಾವತಿಯಂತಹ ಪಟ್ಟಣಗಳ ಮಕ್ಕಳಿಗೆ ಗ್ರಾಮಸಭೆಯಿಲ್ಲ. ಅಲ್ಲಿನ ಮಸೀದಿ ಕಮಿಟಿಗಳು ವರ್ಷಕ್ಕೊಮ್ಮೆ ವಾರ್ಡಿನ ಸದಸ್ಯರನ್ನು ಕರೆಸಿ, ಬೀದಿಯ ಎಲ್ಲ ಧರ್ಮಗಳ ಮಕ್ಕಳನ್ನು ಅವರೆದುರು ಕೂರಿಸಬಹುದು. ಚರಂಡಿಗೂ ಬೀದಿದೀಪಕ್ಕೂ ಜಾತಿಯಿಲ್ಲ.

ಊರಿನ ಕಷ್ಟ ತನ್ನದೆಂದು ಬಾಲ್ಯದಲ್ಲೇ ಅರಿತ ಮಗು ನಾಳೆ ಮತವನ್ನು ಮಾರಿಕೊಳ್ಳಲಾರದು. ಅಂತಹ ಮಕ್ಕಳನ್ನು ಬೆಳೆಸುವ ಹಾಗೂ ಅವರ ಮಾತನ್ನು ಆಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.